ಮಧ್ಯಾಹ್ನದ ವಾರ್ತೆಗೆ ಬೇಕಾದ ಎರಡು ತಂತಿಗಳು

ಹೊಸ ಮನೆಯ ಹಾಲಿನಲ್ಲಿ ಸಾಮಾನಿನ ಪೆಟ್ಟಿಗೆಗಳು ಇನ್ನೂ ಬಿಚ್ಚದೆ ಬಿದ್ದಿದ್ದವು. ನಾನು ಗೋಡೆಯ ಒಂದು ಬಿಳಿ ಪ್ಲೇಟಿನ ಮುಂದೆ ಮಂಡಿಯೂರಿ ಕುಳಿತಿದ್ದೆ. ಅದರಲ್ಲಿ ಎರಡು ತೂತುಗಳಿದ್ದವು, ಒಂದು ಟೀವಿಗೆ, ಒಂದು ಫೋನಿಗೆ. ಎರಡರ ಹಿಂದೆಯೂ ಗೋಡೆಯೊಳಗೆ ತಂತಿ ಎಳೆದಿದ್ದರು. ಆದರೆ ಆ ತಂತಿಗಳ ಇನ್ನೊಂದು ತುದಿ ಎಲ್ಲಿಗೂ ಸೇರಿರಲಿಲ್ಲ. ಎರಡು ವಾರದೊಳಗೆ ಒಂದು ತೂತಿನಿಂದ ಕನ್ನಡದ ವಾರ್ತೆ ಒಳಗೆ ಬರಬೇಕು, ಇನ್ನೊಂದರಿಂದ ನಾನು ಬರೆದದ್ದು ಹೊರಗೆ ಹೋಗಬೇಕು. ಆಗದಿದ್ದರೆ ನನ್ನ ಕೆಲಸ ನನ್ನದಾಗಿ ಉಳಿಯುವಂತಿರಲಿಲ್ಲ.

ಕೆಲಸ ಇಷ್ಟೇ. ತಿರುವನಂತಪುರದ ಐಟಿ ಪಾರ್ಕಿನಲ್ಲಿದ್ದ ಒಂದು ಸಣ್ಣ ಕಂಪನಿ ದಕ್ಷಿಣದ ಟೀವಿ ವಾರ್ತೆಗಳನ್ನು ನೋಡಿ, ತನ್ನ ಗ್ರಾಹಕರಿಗೆ ಸಂಬಂಧಿಸಿದ ಸುದ್ದಿಗಳ ಸಾರಾಂಶವನ್ನು ಇಂಗ್ಲಿಷಿನಲ್ಲಿ ಕಳಿಸುತ್ತಿತ್ತು. ಕನ್ನಡ ನನ್ನ ಪಾಲು. ಬೆಳಿಗ್ಗೆ ಎಂಟರ ವಾರ್ತೆ, ಮಧ್ಯಾಹ್ನ ಒಂದರ ವಾರ್ತೆ. ವಾರ್ತೆ ಮುಗಿದ ಮುಕ್ಕಾಲು ಗಂಟೆಯೊಳಗೆ ಸಾರಾಂಶ ಹೋಗಬೇಕು. ಅಲ್ಲಿ ಕಟ್ಟಡದ ಮೇಲೆ ದೊಡ್ಡ ದೊಡ್ಡ ಡಿಶ್‌ಗಳಿದ್ದವು, ಟೇಪಿನಲ್ಲಿ ಎಲ್ಲವೂ ದಾಖಲಾಗುತ್ತಿತ್ತು. ಚಾನೆಲ್ ಎಲ್ಲಿಂದ ಬರುತ್ತದೆ ಎಂದು ನಾನು ಒಂದು ದಿನವೂ ಕೇಳಿದವಳಲ್ಲ.

ಗಂಡನಿಗೆ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಕಚೇರಿಗೆ ವರ್ಗವಾಯಿತು. ಪಾಲಾರಿವಟ್ಟಂ ಜಂಕ್ಷನ್‌ನಿಂದ ಸ್ವಲ್ಪ ಒಳಗೆ, ಆಗಷ್ಟೇ ಬಣ್ಣ ಮುಗಿದಿದ್ದ ಮನೆಯೊಂದು ಬಾಡಿಗೆಗೆ ಸಿಕ್ಕಿತು. ಮನೆಯಿಂದಲೇ ಕೆಲಸ ಮಾಡುತ್ತೇನೆ ಎಂದು ನಾನೇ ಮೇಲಧಿಕಾರಿಯನ್ನು ಕೇಳಿಕೊಂಡೆ. ಅವರು ಪುತ್ತೂರು ಕಡೆಯ ಹೆಂಗಸು, ಮಾತು ಕಡಿಮೆ.

"ಮಾಡಿ ನೋಡುವ," ಎಂದರು. "ಹದಿನೈದು ದಿನ. ಒಂದು ವಾರ್ತೆ ಸಹ ತಪ್ಪಬಾರದು, ಆಯ್ತಾ? ತಪ್ಪಿದರೆ ನಾನು ಇಲ್ಲಿಯೇ ಬೇರೆ ಜನ ನೋಡ್ಬೇಕಾಗ್ತದೆ."

ಬ್ರಾಡ್‌ಬ್ಯಾಂಡ್ ಎಂಬ ಪದ ಪತ್ರಿಕೆಯ ಜಾಹೀರಾತುಗಳಲ್ಲಿ ಹೊಸದಾಗಿ ಕಾಣಿಸಿಕೊಳ್ಳುತ್ತಿದ್ದ ಕಾಲ ಅದು. ಮನೆಯ ಮೇಲೆ ಪುಟ್ಟ ಡಿಶ್ ಕೂರಿಸಿಕೊಂಡು ನೇರವಾಗಿ ಆಕಾಶದಿಂದಲೇ ಟೀವಿ ನೋಡುವ ಡಿಟಿಎಚ್ ಕೂಡ ಹೊಸದೇ. ಇದರಲ್ಲಿ ಯಾವುದರ ಬಗ್ಗೆಯೂ ನನಗೆ ತಿಳಿವಳಿಕೆ ಇರಲಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಂಡು ಎಡಪುಟಕ್ಕೆ ಟೀವಿ, ಬಲಪುಟಕ್ಕೆ ಇಂಟರ್ನೆಟ್ ಎಂದು ಬರೆದೆ.

ಮೊದಲು ಬಂದವನು ಆ ಬೀದಿಗಳ ಕೇಬಲ್ ನಡೆಸುವವನು. ನಲವತ್ತರ ಆಸುಪಾಸು, ಸ್ಕೂಟರಿನ ಹಿಂದೆ ಕಪ್ಪು ಕೇಬಲ್ಲಿನ ಸುರುಳಿ. ನಾವು ಮಲಯಾಳದಲ್ಲೇ ಮಾತಾಡಿದೆವು, ಅವನು ನನ್ನನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆದ. ತಿರುವನಂತಪುರದ ಮೂರು ವರ್ಷ ನನಗೆ ಅಷ್ಟು ಕಲಿಸಿತ್ತು. ಮಲಯಾಳಂ, ತಮಿಳು, ಹಿಂದಿ, ಇಂಗ್ಲಿಷ್ ಎಂದು ಅವನು ಚಾನೆಲ್‌ಗಳ ಪಟ್ಟಿ ಒಪ್ಪಿಸಿದ.

"ಕನ್ನಡ?"

"ಕನ್ನಡ ಇಲ್ಲ ಚೇಚಿ. ಇಲ್ಲಿ ಯಾರು ನೋಡ್ತಾರೆ?"

"ನಾನು ನೋಡ್ತೀನಿ."

ಅವನು ನಕ್ಕು, ನಂಬರ್ ಬರೆದುಕೊಟ್ಟು ಹೋದ. ಎಡಪುಟದಲ್ಲಿ ಕೇಬಲ್ ಎಂಬುದರ ಮೇಲೆ ಗೀಟು ಎಳೆದೆ. ಆ ಗೀಟು ಅವಸರದ್ದು ಎಂದು ಗೊತ್ತಾಗಲು ಹತ್ತು ದಿನ ಬೇಕಾಯಿತು.

ಡಿಟಿಎಚ್ ಅಂಗಡಿಯಲ್ಲಿ ಕನ್ನಡ ಸಿಗುತ್ತದೆ ಎಂದರು. ಅಲ್ಲೇ ನಿಂತು ಪರೀಕ್ಷಿಸಿದೆ. ನನಗೆ ಬೇಕಾದ ಚಾನೆಲ್ಲೇ ಪರದೆಯ ಮೇಲೆ ಬಂತು. ಅಕ್ಷರಗಳು ಎಷ್ಟು ಸ್ವಚ್ಛವಾಗಿದ್ದವೆಂದರೆ ತಳದಲ್ಲಿ ಓಡುವ ಸಾಲನ್ನು ಕನ್ನಡಕವಿಲ್ಲದೆ ಓದಬಹುದಿತ್ತು. ಮರುದಿನವೇ ಇಬ್ಬರು ಬಂದು ಬಾಲ್ಕನಿಯ ಕಂಬಿಗೆ ಡಿಶ್ ಬಿಗಿದು ಹೋದರು. ಟೀವಿಯ ಸಮಸ್ಯೆ ಮುಗಿಯಿತು ಎಂದು ಅಂದುಕೊಂಡೆ.

ಇಂಟರ್ನೆಟ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ದೂರವಾಣಿ ಕಚೇರಿಯಲ್ಲಿ ಅರ್ಜಿ ಕೊಟ್ಟ ಎರಡನೇ ದಿನಕ್ಕೇ ಫೋನ್ ಬಂತು, ಮೋಡೆಮ್ ಕೂಡ ಬಂತು. ಆದರೆ ಮೋಡೆಮ್ಮಿನ ಮೇಲಿದ್ದ ಒಂದು ಹಸಿರು ದೀಪ ನಿಲ್ಲದೆ ಮಿಣುಕುತ್ತಿತ್ತು. ಅದು ಮಿಣುಕದೆ ಉರಿದರೆ ಮಾತ್ರ ಸಂಪರ್ಕ ಎಂದು ಪುಸ್ತಿಕೆ ಹೇಳುತ್ತಿತ್ತು. ಹತ್ತು ನಿಮಿಷ ಉರಿಯುತ್ತಿತ್ತು, ಮತ್ತೆ ಮಿಣುಕು. ನಾನು ಬರೆದದ್ದನ್ನು ಹಾಕಬೇಕಾದ ಕಚೇರಿಯ ಪುಟ, ಸಂಪರ್ಕ ಕಡಿದ ಕೂಡಲೇ ನನ್ನನ್ನು ಹೊರಗೆ ಹಾಕಿ ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ಆ ವಾರವೆಲ್ಲ ಸಾರಾಂಶವನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಜಂಕ್ಷನ್ನಿನ ಇಂಟರ್ನೆಟ್ ಕೆಫೆಗೆ ಓಡಿದೆ. ನಡೆದರೆ ಒಂಬತ್ತು ನಿಮಿಷ, ಓಡಿದರೆ ಆರು. ಅದನ್ನೂ ಬಲಪುಟದಲ್ಲಿ ಬರೆದಿಟ್ಟೆ.

ದೂರು ಕೊಟ್ಟ ಮೇಲೆ ಲೈನ್‌ಮ್ಯಾನ್ ಬಂದರು. ನಿವೃತ್ತಿಗೆ ಹತ್ತಿರವಾದ, ನಿಧಾನದ ಮನುಷ್ಯ. ಮೊದಲು ಕಂಬದ ಮೇಲಿನ ಪೆಟ್ಟಿಗೆಯಲ್ಲಿ ತಮ್ಮ ಫೋನ್ ಸಿಕ್ಕಿಸಿ ಕೇಳಿದರು. ಆಮೇಲೆ ಮನೆಯೊಳಗೆ ಬಂದು ಹಾಲಿನ ಬಿಳಿ ಪ್ಲೇಟಿಗೆ ಸಿಕ್ಕಿಸಿ ಕೇಳಿದರು. ನಂತರ ರಿಸೀವರನ್ನು ನನ್ನ ಕಿವಿಗೆ ಹಿಡಿದರು. ಹೊರಗೆ ಕೇಳದಿದ್ದ ಒಂದು ಸಣ್ಣ ಗುಂಯ್ ಸದ್ದು ಇಲ್ಲಿ ಕೇಳುತ್ತಿತ್ತು.

"ಇದು ಕರೆಂಟಿನ ಸದ್ದು," ಎಂದರು. ಪ್ಲೇಟ್ ಬಿಚ್ಚಿ ತೋರಿಸಿದರು. ಮನೆ ಕಟ್ಟಿದವರು ಫೋನಿನ ತಂತಿಯನ್ನು ವಿದ್ಯುತ್ ತಂತಿಗಳಿದ್ದ ಪೈಪಿನಲ್ಲೇ ತೂರಿಸಿದ್ದರು. ಸಾಲದ್ದಕ್ಕೆ ಅದೇ ತಂತಿಯನ್ನು ಕವಲೊಡೆಸಿ ಮೂರು ಕೋಣೆಗಳಿಗೂ ಎಳೆದಿದ್ದರು.

"ಹೊಸ ಮನೆ ಅಲ್ವಾ? ತಂತಿಯೂ ಹೊಸದು," ಎಂದೆ ನಾನು ಪೆದ್ದಿಯಂತೆ.

"ಹಳೆ ಮನೆಗಳಲ್ಲಿ ಈ ತೊಂದರೆ ಇಲ್ಲ ಮೋಳೇ. ಅಲ್ಲಿ ತಂತಿ ಕಣ್ಣಿಗೆ ಕಾಣುತ್ತೆ." ಹೀಗೆ ನನ್ನನ್ನು ಮಗಳೇ ಎನ್ನುತ್ತಲೇ ಅವರು ಆ ಗೋಡೆಯ ತಂತಿಯನ್ನು ಪೂರ್ತಿ ಬಿಟ್ಟುಬಿಟ್ಟರು. ಕಂಬದಿಂದ ಬಂದ ಕರಿ ತಂತಿಯನ್ನು ಕಿಟಕಿಯ ಸಂದಿಯಿಂದ ನೇರ ನನ್ನ ಮೇಜಿಗೆ ತಂದು ಮೋಡೆಮ್ಮಿಗೆ ಸೇರಿಸಿದರು. ನೋಡಲು ಚೆಂದವಿರಲಿಲ್ಲ. ಆದರೆ ಹಸಿರು ದೀಪ ಎರಡು ಬಾರಿ ಮಿಣುಕಿ ನಿಂತಿತು. ಒಂದು ಗಂಟೆ ಅದನ್ನೇ ನೋಡುತ್ತ ಕುಳಿತೆ. ಮತ್ತೆ ಮಿಣುಕಲಿಲ್ಲ.

ಅದು ಎಂಟನೇ ದಿನ. ಒಂಬತ್ತನೇ ದಿನ ಹರತಾಳ. ಬಸ್ಸಿಲ್ಲ, ಅಂಗಡಿಯಿಲ್ಲ, ಶಾಲೆಯಿಲ್ಲ. ಗಂಡನೂ ಮಗಳೂ ಮನೆಯಲ್ಲೇ ಇದ್ದರು. ಬೆಳಿಗ್ಗೆಯ ವಾರ್ತೆ ಸುಸೂತ್ರವಾಗಿ ಮುಗಿದಿತ್ತು. ಹನ್ನೆರಡೂವರೆಯ ಹೊತ್ತಿಗೆ ಆಕಾಶ ಕಪ್ಪಾಯಿತು. ಅಲ್ಲಿಯತನಕ ತಡೆದುಕೊಂಡಿದ್ದ ಮುಂಗಾರು ಒಂದು ಗಂಟೆಗೆ ಸರಿಯಾಗಿ ಸುರಿಯತೊಡಗಿತು. ಮುಖ್ಯಾಂಶಗಳನ್ನು ಓದುತ್ತಿದ್ದ ಹೆಂಗಸಿನ ಮುಖ ಚೌಕ ಚೌಕವಾಗಿ ಒಡೆದು, ಬಾಯಿ ತೆರೆದಂತೆಯೇ ನಿಂತುಬಿಟ್ಟಿತು. ಆಮೇಲೆ ನೀಲಿ ಪರದೆ.

"ಅಮ್ಮೇ, ಪಡಂ ಪೋಯಿ," ಎಂದಳು ಮಗಳು. ಚಿತ್ರ ಹೋಯಿತು ಎನ್ನುವುದನ್ನು ಅವಳು ಕನ್ನಡದಲ್ಲಿ ಹೇಳುವವಳಲ್ಲ.

ಗಂಡ ಕೊಡೆ ಹಿಡಿದು ಬಾಲ್ಕನಿಗೆ ಹೋಗಿ ಡಿಶ್ ಅಲ್ಲಾಡಿಸಿ ನೋಡಿದ. "ಬಿಗೀನ ಐತಿ. ಮಳಿ ನಿಲ್ಲೂತನಕಾ ಬರಂಗಿಲ್ಲ ಅನಸ್ತೈತಿ," ಎಂದ ತೊಯ್ದು ಒಳಬಂದು.

ಆಗ ನಾನು ಮಾಡಿದ್ದನ್ನು ಇಲ್ಲಿ ಬರೆಯದೆ ಬಿಡುವ ಹಾಗಿಲ್ಲ. ಹುಬ್ಬಳ್ಳಿಯ ತಂಗಿಗೆ ಫೋನ್ ಮಾಡಿದೆ. ವಾರ್ತೆ ಹಚ್ಚು, ಕೇಳಿಸಿಕೊಂಡು ಹೇಳು ಎಂದೆ. ಗ್ರಾಹಕರ ಹೆಸರುಗಳನ್ನೂ ಹೇಳಿದೆ. ಅವುಗಳಲ್ಲಿ ಒಂದು ಔಷಧ ತಯಾರಿಸುವ ಕಂಪನಿ. ತಂಗಿ ಸ್ವಲ್ಪ ಹೊತ್ತು ಬಿಟ್ಟು ತಾನೇ ಫೋನ್ ಮಾಡಿದಳು.

"ಅಕ್ಕಾ, ಬಂತು ನೋಡ. ಸಾಲಿ ಹುಡುಗೂರು ಜಂತಿನ ಗುಳಿಗಿ ನುಂಗಿ ಆರಾಮ ತಪ್ಯಾರಂತ. ಇಪ್ಪತ್ತು ಮಂದಿನ್ನ ದವಾಖಾನಿಗೆ ಹಾಕ್ಯಾರಂತ. ಗುಳಿಗಿ ನೀ ಹೇಳಿದ ಆ ಕಂಪನೀದ."

ಹಾಗೆಯೇ ಬರೆದೆ. ನಾನು ನೋಡಿದೆನೋ ಇಲ್ಲವೋ ಎಂಬುದನ್ನು ಬರೆಯಲಿಲ್ಲ. ಹಸಿರು ದೀಪ ಸ್ಥಿರವಾಗಿ ಉರಿಯುತ್ತಿತ್ತು. ಸಾರಾಂಶ ಹೊತ್ತಿಗೆ ಮೊದಲೇ ಹೋಯಿತು. ಊಟಕ್ಕೆ ಕೂತಾಗ ಗಂಡ, "ಅಂತೂ ದಾಟಿದಿ," ಎಂದ. ನನಗೂ ಹಾಗೇ ಅನಿಸಿತ್ತು.

ನಾಲ್ಕು ಗಂಟೆಗೆ ಮೇಲಧಿಕಾರಿಯ ಫೋನ್ ಬಂತು. ಅವರ ದನಿ ಎಂದಿನಂತೆಯೇ ಇತ್ತು.

"ಆ ಮಾತ್ರೆಯ ಸುದ್ದಿ. ನೀವು ನೋಡಿ ಬರೆದದ್ದಾ, ಅಲ್ಲ ಕೇಳಿ ಬರೆದದ್ದಾ?"

 

"ಕೇಳಿ ಬರೆದದ್ದು," ಎಂದೆ.

"ನಾನೀಗ ಟೇಪ್ ನೋಡಿದೆ. ಸುದ್ದಿಯ ಎರಡನೇ ಅರ್ಧದಲ್ಲಿ ಜಿಲ್ಲೆಯ ವೈದ್ಯಾಧಿಕಾರಿ ಮಾತಾಡಿದ್ದಾರೆ. ಮಾತ್ರೆಯದ್ದು ದೋಷ ಅಲ್ಲ, ಟ್ಯಾಂಕಿನ ನೀರಿನದ್ದು ಅಂತ ಹೇಳಿದ್ದಾರೆ. ಅದು ನಿಮ್ಮ ಬರಹದಲ್ಲಿ ಇಲ್ಲ. ಕಂಪನಿಯವರು ಆ ಮಾತ್ರೆಯನ್ನು ವಾಪಸ್ ತರಿಸ್ಲಿಕ್ಕೆ ಹೊರಟಿದ್ದರು. ಈಗಷ್ಟೇ ನಿಲ್ಲಿಸಿದೆ."

ತಂಗಿಗೆ ಮತ್ತೆ ಫೋನ್ ಮಾಡಿದೆ. "ಅಯ್ಯ, ಕುಕ್ಕರ್ ಸೀಟಿ ಹೊಡೀತು, ಆರಿಸಾಕ ಹೋಗಿದ್ನೆ," ಎಂದಳು. ಅವಳನ್ನು ಬೈಯಲು ನನಗೆ ಯಾವ ಹಕ್ಕೂ ಇರಲಿಲ್ಲ. ಅವಳಿಗೆ ಅದು ಅಕ್ಕ ಕೇಳಿದ ಒಂದು ಸಣ್ಣ ಉಪಕಾರ. ಸಾರಾಂಶದ ಕೆಳಗಿದ್ದದ್ದು ನನ್ನ ಹೆಸರು.

ಮೇಲಧಿಕಾರಿ ಹೇಳಿದ್ದ ಕೊನೆಯ ಮಾತು ಇದು: "ಮಳೆ ಬಂದು ಸಿಗ್ನಲ್ ಹೋಯ್ತು ಅಂತ ಒಂದು ಸಾಲು ಬರೆದಿದ್ದರೆ ನಾನು ಇಲ್ಲಿಯ ಟೇಪಿನಿಂದ ಮಾಡಿಸ್ತಿದ್ದೆ, ಮಾರಾಯ್ರೆ. ಅಷ್ಟೇ ಅಲ್ವಾ?" ನನ್ನ ಕೆಲಸವನ್ನು ಉಳಿದ ದಿನಗಳಿಗೆ ಅಲ್ಲಿಯವರೇ ಮಾಡುತ್ತಾರೆ ಎಂದರು. ನಾನು ಇನ್ನೊಮ್ಮೆ ಪ್ರಯತ್ನಿಸಲು ಒಂದು ವಾರ ಕೇಳಿದೆ. ಅವರು ಕೊಡುವುದಿಲ್ಲ ಎನ್ನಲಿಲ್ಲ. ಕೊಟ್ಟೆ ಎಂದೂ ಬಾಯಿಬಿಟ್ಟು ಹೇಳಲಿಲ್ಲ.

ಮರುದಿನ ಡಿಟಿಎಚ್ ಅಂಗಡಿಗೆ ಹೋದೆ. ಜೋರು ಮಳೆಗೆ ಹೀಗಾಗುತ್ತದೆ, ಎಲ್ಲರಿಗೂ ಆಗುತ್ತದೆ, ಮಳೆ ನಿಂತ ಮೇಲೆ ತಾನಾಗಿ ಬರುತ್ತದೆ ಎಂದರು. ಅದು ಸುಳ್ಳಲ್ಲ. ಬೇರೆಯವರಿಗೆ ಅದೊಂದು ದೊಡ್ಡ ತೊಂದರೆಯೂ ಅಲ್ಲ. ಒಂದು ಗಂಟೆಯ ವಾರ್ತೆ ಮಾತ್ರ ಮಳೆ ನಿಲ್ಲುವವರೆಗೆ ಕಾಯುವುದಿಲ್ಲ.

ವಾಪಸ್ಸು ಬರುವಾಗ ಮತ್ತೆ ಮಳೆ ಹಿಡಿಯಿತು. ಒಂದು ಬೇಕರಿಯ ಮಾಡಿನಡಿ ನಿಂತೆ. ಎದುರಿನ ಮನೆ ಕಾಣದಷ್ಟು ಮಳೆ. ಬೆನ್ನ ಹಿಂದೆ ಮಲಯಾಳಂ ವಾರ್ತೆ ಕೇಳಿಸುತ್ತಿತ್ತು. ತಿರುಗಿ ನೋಡಿದರೆ ಬೇಕರಿಯ ಟೀವಿಯಲ್ಲಿ ಚಿತ್ರ ಒಂದಿಷ್ಟೂ ಅಲುಗದೆ ನಿಂತಿದೆ.

"ಇಷ್ಟು ಮಳೆಯಲ್ಲಿ ನಿಮ್ಮದು ಹೇಗೆ ಬರುತ್ತೆ?" ಎಂದು ಕೇಳಿದೆ.

"ಕೇಬಲ್ ಅಲ್ಲವೇ ಚೇಚಿ?" ಎಂದ ಬೇಕರಿಯವನು, ಇದೇನು ಪ್ರಶ್ನೆ ಎಂಬಂತೆ.

ಕೇಬಲ್ ಎಂದರೆ ತಂತಿ, ಸರಿ. ಆದರೆ ಆ ತಂತಿಯ ಮೂಲದಲ್ಲೂ ಯಾವುದೋ ಡಿಶ್ ಇರಲೇಬೇಕು. ಆ ಡಿಶ್ ಇದೇ ಮಳೆಯಲ್ಲಿ ನೆನೆಯುತ್ತಿರಬೇಕು. ಅದಕ್ಕೇಕೆ ಏನೂ ಆಗುವುದಿಲ್ಲ? ತಿರುವನಂತಪುರದ ಕಚೇರಿಯಲ್ಲೂ ಮಳೆಗಾಲದಲ್ಲಿ ಚಿತ್ರ ಹೋದದ್ದು ನನಗೆ ನೆನಪಿರಲಿಲ್ಲ. ನಾನು ಚೀಲದಿಂದ ನೋಟ್‌ಬುಕ್ ತೆಗೆದು, ಗೀಟು ಹಾಕಿದ್ದ ಪುಟದಲ್ಲಿ ಕೇಬಲ್ಲಿನವನ ನಂಬರು ಹುಡುಕಿದೆ.

ಅವನ ನಿಯಂತ್ರಣ ಕೋಣೆ ಎಂದರೆ ಅವನದೇ ಮನೆಯ ಮಹಡಿಯ ಮೇಲಿನ ಒಂದು ಸಣ್ಣ ಕೋಣೆ. ಕಪಾಟಿನಲ್ಲಿ ಸಾಲು ಸಾಲು ಪೆಟ್ಟಿಗೆಗಳು, ಬಿಸಿ ಗಾಳಿ, ಫ್ಯಾನಿನ ಸದ್ದು. ನನ್ನ ಪ್ರಶ್ನೆ ಕೇಳಿ ಅವನಿಗೆ ಖುಷಿಯಾಯಿತು. ಇಷ್ಟು ವರ್ಷಗಳಲ್ಲಿ ಚಿತ್ರ ಏಕೆ ಬರುತ್ತಿಲ್ಲ ಎಂದು ಕೇಳಿದವರೇ ಎಲ್ಲರೂ, ಏಕೆ ಬರುತ್ತದೆ ಎಂದು ಕೇಳಿದವರು ಯಾರೂ ಇರಲಿಲ್ಲವಂತೆ. ತಾರಸಿಗೆ ಕರೆದುಕೊಂಡು ಹೋಗಿ ತೋರಿಸಿದ. ಎಂಟು ಅಡಿ ಅಗಲದ ಜಾಲರಿಯ ಡಿಶ್‌ಗಳು, ಹೆಚ್ಚುಕಡಿಮೆ ನೆತ್ತಿಯ ಕಡೆಗೇ ಮುಖಮಾಡಿ, ಊಟಕ್ಕೆ ಇಟ್ಟ ತಟ್ಟೆಗಳ ಹಾಗೆ ಮಲಗಿದ್ದವು. ಉಪಗ್ರಹಗಳು ಭೂಮಧ್ಯರೇಖೆಯ ಮೇಲಿರುತ್ತವೆ, ಕೊಚ್ಚಿ ಅದಕ್ಕೆ ಹತ್ತಿರ, ಅದಕ್ಕೇ ಇಲ್ಲಿ ಡಿಶ್ ಮೇಲೆ ನೋಡಬೇಕು ಎಂದ. ಜಾಲರಿಯಾದ್ದರಿಂದ ನೀರು ಸೋರಿಹೋಗುತ್ತದೆ. ಪುಟ್ಟ ಡಿಶ್ ಹಿಡಿಯುವ ಅಲೆ ತೀರ ಸಣ್ಣದು, ಮಳೆಹನಿ ಅದನ್ನು ನುಂಗಿಬಿಡುತ್ತದೆ. ಈ ದೊಡ್ಡ ಡಿಶ್ ಹಿಡಿಯುವುದು ಉದ್ದನೆಯ ಅಲೆ, ಅದು ಹನಿಗಳ ನಡುವೆ ದಾಟಿ ಬರುತ್ತದೆ.

"ಕನ್ನಡವೂ ಆ ಉದ್ದ ಅಲೆಯಲ್ಲಿ ಬರುತ್ತಾ?"

"ಬರುತ್ತಿರಬೇಕು. ನಿಮ್ಮ ಊರಿನ ಕೇಬಲ್ಲಿನವರು ಮತ್ತೆ ಹೇಗೆ ಹಿಡಿಯುತ್ತಾರೆ?"

ಇಷ್ಟು ಸರಳವಾದ ಮಾತು ನನಗೆ ಹೊಳೆದಿರಲಿಲ್ಲ. ಹುಬ್ಬಳ್ಳಿಯ ತಂಗಿಯ ಮನೆಗೆ ಬರುವುದೂ ಕೇಬಲ್ಲೇ.

ನಮ್ಮ ತಾರಸಿಯ ಮೇಲೆ ಅಂಥದೊಂದು ಡಿಶ್ ನಿಲ್ಲಿಸಬಹುದೇ ಎಂದು ಮನೆಯ ಒಡೆಯನಿಗೆ ಫೋನ್ ಮಾಡಿದೆ. ಹೊಸ ತಾರಸಿಗೆ ಬೋಲ್ಟ್ ಕೊರೆದರೆ ಮೊದಲ ಮಳೆಗೇ ಸೋರುತ್ತದೆ ಎಂದು ಅವನು ಖಂಡಿತವಾಗಿ ಬೇಡವೆಂದ. ತಪ್ಪು ಹೇಳಲಾಗದು. ಉಳಿದದ್ದು ಒಂದೇ ದಾರಿ: ಕೇಬಲ್ಲಿನವನೇ ಚಾನೆಲ್ ಹಿಡಿದು ತನ್ನ ತಂತಿಯಲ್ಲಿ ಎಲ್ಲ ಮನೆಗಳಿಗೂ ಬಿಡಬೇಕು. ಅವನು ತಲೆ ಕೆರೆದುಕೊಂಡ. ಡಿಶ್ ಇತ್ತು, ನಿಂತುಹೋದ ಯಾವುದೋ ಚಾನೆಲ್ಲಿಗೆ ಹಾಕಿದ್ದು ಸುಮ್ಮನೆ ಬಿದ್ದಿತ್ತು. ಆದರೆ ಚಾನೆಲ್ಲನ್ನು ತಂತಿಗೆ ಏರಿಸುವ ಪೆಟ್ಟಿಗೆ ಚಾನೆಲ್ಲಿಗೊಂದು ಬೇಕು, ಎಲ್ಲ ಪೆಟ್ಟಿಗೆಗಳೂ ಭರ್ತಿ.

ನಾನು ಎದೆಗಟ್ಟಿ ಮಾಡಿಕೊಂಡು ಅವನಿಗೆ ಎಲ್ಲವನ್ನೂ ಹೇಳಿದೆ. ಮಾತ್ರೆಯ ಸುದ್ದಿಯನ್ನೂ, ಕುಕ್ಕರಿನದನ್ನೂ, ನಾನು ಬರೆಯದೆ ಬಿಟ್ಟ ಒಂದು ಸಾಲನ್ನೂ. ಗಂಡನಿಗೂ ಅಷ್ಟು ಪೂರ್ತಿಯಾಗಿ ಹೇಳಿರಲಿಲ್ಲ. ಕೇಬಲ್ಲಿನವನು ಕೇಳಿ ಮುಗಿಸಿ, ಕಪಾಟಿನ ಮೂರನೇ ಸಾಲಿನತ್ತ ಬೆರಳು ತೋರಿದ. ದಿನವಿಡೀ ಸೊಂಟ ಕರಗಿಸುವ ಪಟ್ಟಿ ಮಾರುವ ಒಂದು ಚಾನೆಲ್ ಅಲ್ಲಿ ಓಡುತ್ತಿತ್ತು.

"ಇದು ಹೋದರೆ ಯಾರೂ ಅಳುವುದಿಲ್ಲ," ಎಂದ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಇಳಿದೆವು. ಅವನು ತಾರಸಿಯ ಮೇಲೆ, ನಾನು ಕೋಣೆಯಲ್ಲಿ ಟೀವಿಯ ಮುಂದೆ. ಪರದೆಯ ಮೇಲೆ ಎರಡು ಪಟ್ಟಿಗಳು, ಒಂದು ಸಿಗ್ನಲ್ಲಿನ ಬಲ, ಇನ್ನೊಂದು ಗುಣ. ಬಲವಿದ್ದು ಗುಣವಿಲ್ಲದಿದ್ದರೆ ಚಿತ್ರ ಬರುವುದಿಲ್ಲ. ಡಿಶ್ಶಿನ ಬೋಲ್ಟ್ ತುಕ್ಕು ಹಿಡಿದಿತ್ತು. ಸೀಮೆಎಣ್ಣೆ ಬಿಟ್ಟು ಅರ್ಧ ಗಂಟೆ ಕಾದೆವು. ಆಮೇಲೆ ಅವನು ಕೂದಲೆಳೆಯಷ್ಟು ತಿರುಗಿಸಿ ಕೂಗುವುದು, ನಾನು ಪಟ್ಟಿ ನೋಡಿ ಕೂಗುವುದು.

"ಬಂತು ನೋಡಿ! ಇದೇ ಅಲ್ಲವೇ?" ಎಂದು ಅವನು ಕೆಳಗಿಳಿದು ಬಂದ. ಪರದೆಯ ಮೇಲೆ ಒಬ್ಬ ಗಾಯಕ, ಕೆಳಗೆ ಅಕ್ಷರಗಳು.

"ಅಲ್ಲ, ಇದು ತೆಲುಗು."

"ಹೇಗೆ ಗೊತ್ತಾಯಿತು? ಕನ್ನಡವೂ ಹೀಗೇ ಇರುತ್ತಲ್ಲ?"

ತಲೆಕಟ್ಟಿನ ವ್ಯತ್ಯಾಸವನ್ನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದೆ. ತೆಲುಗಿನ ತಲೆಕಟ್ಟು ಟಿಕ್ ಗುರುತಿನ ಹಾಗೆ ಮೇಲೇಳುತ್ತದೆ, ಕನ್ನಡದ್ದು ಮಲಗಿ ಕೊನೆಗೆ ಕೊಕ್ಕೆಯಾಗುತ್ತದೆ. ಅವನು ಅದನ್ನು ಗಂಭೀರವಾಗಿ ನೋಡಿ ತಲೆದೂಗಿ ಮತ್ತೆ ಮೇಲೆ ಹೋದ. ಇನ್ನೊಂದು ಸುತ್ತು. ಈ ಸಲ ಚಿತ್ರಕ್ಕಿಂತ ಮೊದಲು ದನಿ ಬಂತು. ಯಾರೋ ಹೆಂಗಸು, "ಒಗ್ಗರಣೆ ಚಟಪಟ ಅಂದ ಮೇಲೆ ಉಪ್ಪು ಹಾಕಿ," ಎನ್ನುತ್ತಿದ್ದಳು. ನಾನು ಕೂಗುವುದನ್ನು ಮರೆತೆ. ಮೇಲಿಂದ ಅವನೇ ಮೂರು ಬಾರಿ, "ಚೇಚೀ, ಎಷ್ಟಿದೆ?" ಎಂದು ಕೇಳಬೇಕಾಯಿತು.

ಅವನು ಅಂದೇ ನಮ್ಮ ಮನೆಗೂ ಕೇಬಲ್ ಎಳೆದುಕೊಟ್ಟ. ಆ ದಿನವೇ ಮೇಲಧಿಕಾರಿಗೆ ಪತ್ರ ಬರೆದೆ. ಮಳೆಯಲ್ಲಿ ಕೆಡುವುದು ಡಿಟಿಎಚ್, ಕರೆಂಟು ಹೋದರೆ ಕೆಡುವುದು ಕೇಬಲ್, ಎರಡನ್ನೂ ಇಟ್ಟುಕೊಂಡಿದ್ದೇನೆ. ಫೋನಿನ ತಂತಿ ಹೊಸದು. ಅದು ಕೆಟ್ಟರೆ ಕೆಫೆ ಆರು ನಿಮಿಷದ ದಾರಿ. ಎರಡೂ ದಾರಿ ಮುಚ್ಚಿದರೆ, ನೋಡಿಲ್ಲ ಎಂದು ಬರೆಯುತ್ತೇನೆ. ಉತ್ತರ ಒಂದೇ ಸಾಲಿನದು: ಸೋಮವಾರದಿಂದ ಮೂರು ದಿನ.

ಸೋಮವಾರ ದಿನವಿಡೀ ಮಳೆ. ಒಂದು ಗಂಟೆಗೆ ಬಾಲ್ಕನಿಯ ಡಿಶ್ ಎಂದಿನಂತೆ ಕೈಕೊಟ್ಟಿತು, ಕೇಬಲ್ಲಿನಲ್ಲಿ ವಾರ್ತೆ ಕೊನೆಯವರೆಗೂ ಬಂತು. ಚಿತ್ರದಲ್ಲಿ ಸ್ವಲ್ಪ ಕಾಳು ಕಾಳು, ಆದರೆ ಮಾತು ಸ್ಪಷ್ಟ. ಮಂಗಳವಾರ ಮಳೆಯೊಂದಿಗೆ ಗಾಳಿ, ಗಾಳಿಯೊಂದಿಗೆ ತಂತಿಯ ಮೇಲೆ ತೆಂಗಿನ ಗರಿ. ಒಂದು ಹನ್ನೆರಡಕ್ಕೆ ಕರೆಂಟು ಹೋಯಿತು. ನನ್ನ ಕಂಪ್ಯೂಟರಿಗೂ ಟೀವಿಗೂ ಬ್ಯಾಟರಿಯಿತ್ತು, ಕೇಬಲ್ಲಿನವನಿಗೂ ಇತ್ತು. ನಡುವೆ ಕಂಬದ ಮೇಲೆ ಕೇಬಲ್ಲಿನ ಸಿಗ್ನಲ್ ಹೆಚ್ಚಿಸುವ ಪೆಟ್ಟಿಗೆಗೆ ಇರಲಿಲ್ಲ. ಡಿಟಿಎಚ್ಚಿಗೆ ಬದಲಿಸಿದೆ, ನೀಲಿ ಪರದೆ. ಕರೆಂಟು ಮರಳುವವರೆಗೆ ನಾಲ್ಕು ನಿಮಿಷ ಕೈಕಟ್ಟಿ ಕುಳಿತೆ. ಆ ನಾಲ್ಕು ನಿಮಿಷ ಫೋನ್ ನನ್ನ ಮೊಣಕೈಯ ಪಕ್ಕದಲ್ಲೇ ಇತ್ತು.

ಸಾರಾಂಶದ ಮೊದಲ ಸಾಲು ಹೀಗಿತ್ತು: 1.12ರಿಂದ 1.16ರವರೆಗೆ ನೋಡಿಲ್ಲ, ಟೇಪ್ ನೋಡಿ.

ಅವತ್ತು ಫೋನ್ ಬರಲಿಲ್ಲ. ಬುಧವಾರ ಬಂತು.

"ನಿನ್ನೆಯ ನಾಲ್ಕು ನಿಮಿಷ ಟೇಪಿನಲ್ಲಿ ನೋಡಿದೆ. ಕ್ರಿಕೆಟ್. ನಮಗೆ ಬೇಕಾದ್ದು ಏನೂ ಇರ್ಲಿಲ್ಲ," ಎಂದರು ಮೇಲಧಿಕಾರಿ. ಮತ್ತೆ, "ನಾಳೆ ಬೆಳಿಗ್ಗೆಯದ್ದೂ ನಿಮ್ಮದೇ. ಇನ್ನು ದಿನವೂ," ಎಂದರು. ಸಂಜೆ ಗಂಡ ಬಂದಾಗ ಹೇಳಿದೆ. ಅವನು ಕಿಟಕಿಯ ಸಂದಿಯ ಕರಿ ತಂತಿಯನ್ನು ನೋಡಿ, "ಹಂಗಾರ ಇದನ್ನ ಮುಚ್ಚಾಕ ಒಂದು ಪರದೆ ತರೂಣು," ಎಂದ.

ಇದೆಲ್ಲ ಆಗಿ ತಿಂಗಳಾಗಿತ್ತು. ಕೇಬಲ್ಲಿನವನು ಒಂದು ಶನಿವಾರ ಫೋನ್ ಮಾಡಿದ. ಬೆಳಿಗ್ಗೆಯ ವಾರ್ತೆ ಮುಗಿದ ಮೇಲೆ ಆ ಪೆಟ್ಟಿಗೆಯನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದನಂತೆ. ಒಂದರ ಹೊತ್ತಿಗೆ ಸರಿಯಾಗಿಬಿಡುತ್ತದೆ ಎಂದು ನನಗೆ ಮೊದಲೇ ಹೇಳಿದ್ದ.

"ಚೇಚಿ, ಎರಡು ಗಂಟೆಯೊಳಗೆ ಮೂರು ಫೋನ್ ಬಂತು. ಕನ್ನಡ ಎಲ್ಲಿ ಹೋಯ್ತು ಅಂತ. ನಾನು ನಿಮ್ಮೊಬ್ಬರಿಗೇ ಹಾಕಿದ್ದು ಅಂದ್ಕೊಂಡಿದ್ದೆ!"

ಯಾರು ಎಂದು ಕೇಳಿದೆ. ಇಬ್ಬರು ಹೆಸರು ಹೇಳಿರಲಿಲ್ಲ. ಒಬ್ಬರು ನಂಬರು ಕೊಟ್ಟಿದ್ದರು, ಸರಿಯಾದ ಮೇಲೆ ತಿಳಿಸಲು. ತಿಳಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ.

ಒಬ್ಬ ಹೆಂಗಸು ಫೋನ್ ಎತ್ತಿದಳು. ಕನ್ನಡ ಚಾನೆಲ್ ಸರಿಯಾಗಿದೆ, ನಾನೂ ಅದನ್ನೇ ನೋಡುವವಳು ಎಂದು ಮಲಯಾಳದಲ್ಲಿ ಹೇಳಿದೆ. ಅವಳೂ ಮಲಯಾಳದಲ್ಲೇ ಧನ್ಯವಾದ ಹೇಳಿ, ತಾನು ಬ್ಯಾಂಕಿನವಳೆಂದೂ ಆ ದಿನ ರಜೆ ಹಾಕಿ ಬೆಳಿಗ್ಗೆಯೇ ಟೀವಿಯ ಮುಂದೆ ಕೂತಿದ್ದೆನೆಂದೂ ಹೇಳಿದಳು. ಆ ದನಿಯನ್ನು ಎಲ್ಲೋ ಕೇಳಿದ್ದೇನೆ ಅನಿಸಿತು. ಅವಳಿಗೂ ಅನಿಸಿರಬೇಕು.

"ನಿಲ್ಲಿ," ಎಂದಳು, ಈಗ ಕನ್ನಡದಲ್ಲಿ. "ನೀವು ಬೆಳಿಗ್ಗೆ ಸ್ಕೂಲ್ ಬಸ್ಸಿಗೆ ಮಗಳನ್ನ ಹತ್ತಿಸೋಕೆ ಬರ್ತೀರಲ್ಲ, ಆ ಹೊಸ ಮನೆಯವರಾ?"

"ಹೌದ್ರಿ. ನೀವು ಹಳದಿ ಕೊಡೆಯವರಾ?"

"ಅಯ್ಯೋ ದೇವರೇ. ದಿನಾ ಮಲಯಾಳದಲ್ಲಿ ಮಾತಾಡ್ತೀವಲ್ರೀ! ನಾನು ನಿಮ್ಮನ್ನ ತಮಿಳಿನವರು ಅನ್ಕೊಂಡಿದ್ದೆ."

"ನಾನು ನಿಮ್ಮನ್ನ ತೆಲುಗಿನವರು ಅಂತ ತಿಳಕೊಂಡಿದ್ದೆ," ಎಂದೆ.

ಸೋಮವಾರ ಬೆಳಿಗ್ಗೆ ಬಸ್ಸು ಬರುವುದಕ್ಕೆ ಕಾಲು ಗಂಟೆ ಮೊದಲೇ ನಾನು ಮಗಳನ್ನು ಹೊರಡಿಸಿದೆ. ಹಳದಿ ಕೊಡೆ ಆಗಲೇ ಅಲ್ಲಿ ಬಂದು ನಿಂತಿತ್ತು.